ವರಪ್ರಸಾದವೂ ಕೃಪೆಯೂ

ನಮ್ಮ ಗೋಣಿಕೊಪ್ಪಲಿನ ನೆರೆಯ ವಿರಾಜಪೇಟೆಯನ್ನು 1792ರಲ್ಲಿ ಕಟ್ಟಿಸಿದ ದೊಡ್ಡವೀರರಾಜೇಂದ್ರನು, ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ಅಲ್ಲಿ ನೆಲೆಯಿತ್ತನು. ಸಂತ ಅನ್ನಮ್ಮನವರ ದೇವಾಲಯವು ಅಂದಿನದು. ಬರಿಗೈಯಲ್ಲಿ ಬಂದವರಿಗೆ ದೊರೆತ ಆ ನೆಲೆಯು ಅವರು ಗಳಿಸಿದ್ದಲ್ಲ. ಸಂತ ಪೌಲರು ಬೋಧಿಸಿದ ರಕ್ಷಣೆಯೂ ಅಂತಹುದೇ.

1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗರು ಕೊಡಗಿಗೆ ಬಂದು ಇದನ್ನೇ ಸಾರಿದರು. ನಾವು ವರಪ್ರಸಾದವೆಂದುದನ್ನು ಅವರು ಕೃಪೆಯೆಂದರು. ವಿಶ್ವಾಸವೊಂದೇ ಸಾಕೇ, ಸತ್ಕಾರ್ಯವೂ ಬೇಕೇ ಎಂಬ ಯೂರೋಪಿನ ವಾದವು ಘಟ್ಟವೇರಿ ಬಂದು ನಮ್ಮನ್ನೂ ಅಗಲಿಸಿತು. ಆದರೆ ರಕ್ಷಣೆಯ ಮೊದಲ ವರಪ್ರಸಾದವನ್ನು ಯಾರೂ ಗಳಿಸಲಾರರೆಂದು ನಮ್ಮ ಟ್ರೆಂಟ್ ಮಹಾಸಭೆಯೇ 1547ರಲ್ಲಿ ಬೋಧಿಸಿತ್ತು. ರಕ್ಷಣೆಯು ದೇವರ ವರ, ಸತ್ಕಾರ್ಯವು ಅದರ ಫಲ ಎಂಬುದನ್ನು ಕಥೋಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಒಪ್ಪಿ ಸಹಿ ಮಾಡಿದರು.

ಈ ಶತಮಾನೋತ್ಸವದಲ್ಲಿ ನಾವು ಎಣಿಸಬೇಕಾದುದು ನಮ್ಮ ಸಾಧನೆಗಳನ್ನಲ್ಲ, ಪಡೆದ ವರಗಳನ್ನು.