ಜಾನ್ ಫೇತ್‌ಫುಲ್ ಫ್ಲೀಟ್

ಫ್ಲೀಟ್, ಜಾನ್ ಫೇತ್‌ಫುಲ್ : 1847-1917. ಶಾಸನಗಳ ಆಧಾರದಿಂದ ಕನ್ನಡನಾಡಿನ ರಾಜಮನೆತನಗಳ ಚರಿತ್ರೆ ಬರೆದ ಇಂಗ್ಲಿಷ್ ವಿದ್ವಾಂಸ, ಮುಂಬಯಿ ಪ್ರಾಂತದ ಸಿವಿಲ್ ಅಧಿಕಾರಿ. ಇಂದಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಮೊದಲಾದ ತಾಲ್ಲೂಕುಗಳ ಸೀಮೆಯನ್ನು ಆಳಿದ ರಟ್ಟರ ವಂಶಾವಳಿಯನ್ನು ಕ್ರಮವಾಗಿ ಜೋಡಿಸಿಕೊಟ್ಟವರು ಇವರು. ಬೆಳಗಾವಿ ಜಿಲ್ಲೆಯ ಪ್ರಾಚೀನ ಇತಿಹಾಸ ಬರೆಯಹೊರಟವರು ಯಾರೇ ಆದರೂ ಇವರ ಕೆಲಸವನ್ನು ದಾಟಿಯೇ ಮುಂದೆ ಹೋಗಬೇಕು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಥಿಯೊಡೊರ್ ಗೋಲ್ಡ್‌ಸ್ಟುಕರ್ ಅವರ ಬಳಿ ಸಂಸ್ಕೃತ ಕಲಿತು, 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದರು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ್ ಆದರು. 1875ರಲ್ಲಿ ಕೊಲ್ಹಾಪುರದಲ್ಲಿ ಸಹಾಯಕ ಪೊಲಿಟಿಕಲ್ ಏಜೆಂಟರಾದರು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಲೆಗಳ ತಪಾಸಣೆ, ಸಂಸ್ಥಾನಗಳ ಕಾರಭಾರ ಎಂದು ಊರೂರು ಸುತ್ತಬೇಕಾದ ಈ ಹುದ್ದೆಗಳೇ ಅವರನ್ನು ಬಸದಿ, ಗುಡಿ, ಕೆರೆಗಳ ಬಳಿ ನಿಂತಿದ್ದ ಕಲ್ಲುಗಳ ಮುಂದೆ ತಂದು ನಿಲ್ಲಿಸಿದವು.

ಈ ದಾರಿಯಲ್ಲಿ ಅವರಿಗಿಂತ ಮೊದಲು ನಡೆದವರು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕದನದಲ್ಲಿ ಸೆರೆಸಿಕ್ಕಿ ಬಿಡುಗಡೆಯಾದ ಈ ಅಧಿಕಾರಿ ಮುಂದೆ ಕನ್ನಡನಾಡಿನ 595 ಶಾಸನಗಳನ್ನು ನಕಲು ಮಾಡಿಸಿದರು. ಆದರೆ ಅವು ಕೈಬರಹದ ನಕಲುಗಳು. ನಕಲು ಮಾಡಿದವನಿಗೆ ಅಕ್ಷರ ತಿಳಿಯದಿದ್ದರೆ ಆ ತಪ್ಪು ಹಾಗೆಯೇ ಉಳಿಯುತ್ತಿತ್ತು. ಫ್ಲೀಟ್ ನೆಚ್ಚಿದ್ದು ಪಡಿಯಚ್ಚನ್ನು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಂಡಿಗಳೊಳಗೆ ಕೂರಿಸಿ, ಮೇಲೆ ಮಸಿ ತಟ್ಟಿದರೆ, ಕಪ್ಪು ಹಿನ್ನೆಲೆಯಲ್ಲಿ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಓದಿದವರು ಯಾರೇ ಇರಲಿ, ಪಾಠ ಸರಿಯೋ ತಪ್ಪೋ ಎಂಬುದನ್ನು ಇನ್ನೊಬ್ಬರು ಅಚ್ಚು ನೋಡಿ ಹೇಳಬಹುದು. ಶಾಸನದಲ್ಲಿ ಕೊಟ್ಟ ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ಲೆಕ್ಕ ಹಾಕಿ ನೋಡುವ ಕ್ರಮವನ್ನೂ ಅವರು ಬಿಡದೆ ಪಾಲಿಸಿದರು. ಇದರಲ್ಲಿ ಶಂಕರ ಬಾಳಕೃಷ್ಣ ದೀಕ್ಷಿತರ ಜ್ಯೋತಿರ್ಗಣಿತ ಅವರಿಗೆ ದೊಡ್ಡ ಬಲವಾಯಿತು.

1882ರಲ್ಲಿ ಪ್ರಕಟವಾದ 'ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳು' ಎಂಬ ಇಂಗ್ಲಿಷ್ ಗ್ರಂಥ ಅವರ ಮುಖ್ಯ ಕೃತಿ. ಸರಕಾರದ ಕಾಗದಪತ್ರಗಳು 'ದಕ್ಷಿಣ ಮರಾಠಾ ದೇಶ' ಎಂದು ಕರೆಯುತ್ತಿದ್ದ ಸೀಮೆಯನ್ನು ಅದೇ ಸರಕಾರದ ಅಧಿಕಾರಿಯೊಬ್ಬರು ಶೀರ್ಷಿಕೆಯಲ್ಲೇ ಕನ್ನಡದ್ದೆಂದು ಬರೆದರು. ಅದಕ್ಕೆ ಅವರ ಬಳಿ ಇದ್ದ ಸಾಕ್ಷಿ ಸ್ವತಃ ಶಾಸನಗಳೇ. ಬಾದಾಮಿ ಚಾಲುಕ್ಯರಿಂದ ದೇವಗಿರಿಯ ಸೇವುಣರವರೆಗಿನ ಅರಸರ ಜೊತೆಗೆ ಮಾಂಡಲಿಕ ಮನೆತನಗಳಿಗೂ ಅಲ್ಲಿ ಸ್ಥಳ ಸಿಕ್ಕಿದೆ. ತಿದ್ದಿ ಬೆಳೆಸಿದ ಪಾಠ 1896ರಲ್ಲಿ ಮುಂಬಯಿ ಗೆಜೆಟಿಯರಿನಲ್ಲಿ ಬಂತು.

ರಟ್ಟರು ಕೂಂಡಿ ಮೂರುಸಾವಿರ ಎಂಬ ನಾಡನ್ನು ಮೊದಲು ಸುಗಂಧವರ್ತಿ, ಅಂದರೆ ಸವದತ್ತಿಯಿಂದಲೂ ಬಳಿಕ ವೇಣುಗ್ರಾಮ, ಅಂದರೆ ಬೆಳಗಾವಿಯಿಂದಲೂ ಆಳಿದರು. ಲತ್ತಲೂರಿನ ಒಡೆಯರೆಂಬ ಬಿರುದು, ಸುವರ್ಣ ಗರುಡಧ್ವಜ, ಜಿನಭಕ್ತಿ ಇವು ಅವರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನಿಪ್ಪಾಣಿ ಬಳಿ, ದೂಧಗಂಗಾ ವೇದಗಂಗಾ ನದಿಗಳು ಕೂಡುವ ಸೀಮೆಯ ಭೋಜ ಗ್ರಾಮದ ತಾಮ್ರಶಾಸನವನ್ನು ಫ್ಲೀಟ್ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಸಂಪಾದಿಸಿದರು. ಅದು ನಾಲ್ಕನೆಯ ಕಾರ್ತವೀರ್ಯನದು, ಶಕ 1131ರದು. ಇಂಥ ದಾನಪತ್ರಗಳಲ್ಲಿ ಬರುವ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಅವರು ತಂದೆ ಮಕ್ಕಳ ಸಾಲು ಕಟ್ಟಿದರು. ಹದಿಮೂರನೆಯ ಶತಮಾನದ ನಡುವಿನ ಹೊತ್ತಿಗೆ ಸೇವುಣರ ಕೈಗೆ ನಾಡು ಹೋಗುವವರೆಗಿನ ರಟ್ಟರ ಕಥೆ ನಮಗೆ ಗೊತ್ತಿರುವುದು ಬಹುಮಟ್ಟಿಗೆ ಈ ದುಡಿಮೆಯಿಂದಲೇ.

ಶಾಸನಗಳಷ್ಟೇ ಬೆಲೆಯುಳ್ಳದ್ದು, ಆದರೆ ಹೆಚ್ಚು ಜನರಿಗೆ ತಿಳಿಯದ್ದು, ಅವರ ಲಾವಣಿ ಸಂಗ್ರಹ. 1885ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲೇ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾದ ಈ ಹಾಡುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯಿದೆ, ನಿಶ್ಶಸ್ತ್ರೀಕರಣ ಕಾಯಿದೆಯ ವಿರುದ್ಧ 1857ರಲ್ಲಿ ಸಿಡಿದೆದ್ದ ಹಲಗಲಿ ಬೇಡರ ಲಾವಣಿಯಿದೆ, ಆದಾಯ ತೆರಿಗೆಯ ಮೇಲಿನ ಜನರ ಸಿಟ್ಟಿನ ಲಾವಣಿಯೂ ಇದೆ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಬ್ರಿಟಿಷ್ ಆಡಳಿತವೇ. ಆ ಆಡಳಿತದ ಅಧಿಕಾರಿಯೇ ಅವನ ಹೊಗಳಿಕೆಯನ್ನು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಬರೆಸಿಕೊಂಡು ಅಚ್ಚು ಹಾಕಿಸಿದ್ದು ವಿದ್ವತ್ತಿನ ಪ್ರಾಮಾಣಿಕತೆಗೆ ಸಾಕ್ಷಿ. ಕನ್ನಡ ಜಾನಪದ ಸಂಗ್ರಹದ ಆದಿಪುರುಷರ ಸಾಲಿನಲ್ಲಿ ಅವರ ಹೆಸರು ಈಗಿನದಕ್ಕಿಂತ ಮೇಲೆ ಇರಬೇಕು.

1883ರಲ್ಲಿ ಭಾರತ ಸರಕಾರದ ಶಾಸನತಜ್ಞರಾಗಿ ನೇಮಕಗೊಂಡ ಫ್ಲೀಟ್ 1888ರಲ್ಲಿ ಗುಪ್ತರ ಶಾಸನ ಸಂಪುಟ ಹೊರತಂದು ಗುಪ್ತಶಕದ ಆರಂಭವನ್ನು ಕ್ರಿ.ಶ. 319-20ಕ್ಕೆ ನಿಲ್ಲಿಸಿದರು. ಕೂಟಶಾಸನಗಳ, ಅಂದರೆ ನಕಲಿ ಶಾಸನಗಳ ಬಗ್ಗೆ ಅವರದು ಕಠಿಣ ನಿಲುವು. ಗಂಗರ ಅನೇಕ ತಾಮ್ರಪಟಗಳನ್ನು ನಕಲಿಯೆಂದು ತಳ್ಳಿಹಾಕಿದ್ದರಿಂದ ಮೈಸೂರಿನ ಶಾಸನತಜ್ಞ ಬಿ.ಎಲ್. ರೈಸ್ ಅವರೊಡನೆ ದೀರ್ಘ ವಾದ ನಡೆಯಿತು. ಈ ಸಂಶಯ ಕೆಲವೊಮ್ಮೆ ಅತಿಯಾಯಿತು ನಿಜ; ಆದರೂ ತಾಮ್ರಪಟವೆಂದ ಕೂಡಲೇ ನಂಬಬಾರದೆಂಬ ಎಚ್ಚರ ಮುಂದಿನ ಸಂಶೋಧಕರಿಗೆ ಬಂದದ್ದು ಇದರಿಂದ. 1897ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಮೇಲೆ ರಾಯಲ್ ಏಶಿಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದರು.

ಗಡಿಸೀಮೆಯಲ್ಲಿ ಈ ಕೆಲಸವನ್ನು ಇಲ್ಲಿಯವರೇ ಮುಂದುವರಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಕೆ.ಜಿ. ಕುಂದಣಗಾರರು 1939ರಲ್ಲಿ ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಪ್ರಕಟಿಸಿದರು. ಅದೇ ಕಾಲೇಜಿನಲ್ಲಿದ್ದ, ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ ಪ್ರಾಕೃತ ಗ್ರಂಥಸಂಪಾದನೆಯಲ್ಲಿ ಯುರೋಪಿನ ವಿದ್ವಾಂಸರೂ ಮನ್ನಿಸುವ ಎತ್ತರಕ್ಕೇರಿದರು.

ರಟ್ಟರ ಕಲ್ಲುಗಳೆಲ್ಲ ಈ ಸೀಮೆಯಲ್ಲೇ ಉಳಿಯಲಿಲ್ಲ: ಬೆಳಗಾವಿಯಿಂದ ಸಾಗಿಸಲಾದ, ಭೋಜ ಶಾಸನದ ನಾಲ್ಕನೆಯ ಕಾರ್ತವೀರ್ಯನ ಕಾಲದ ಎರಡು ಶಿಲಾಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿವೆ. ಅವನ್ನು ಓದಿ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದವರು ಲಯನಲ್ ಬಾರ್ನೆಟ್.