ವಂಶಾವಳಿಯಲ್ಲಿ ಇಲ್ಲದ ಲೆಕ್ಕ

ನಂಜನಗೂಡು ಪಕ್ಕದ ಕಳಲೆ ಅಂದ್ರೆ ಮೈಸೂರಿನ ದಳವಾಯಿಗಳ ಊರು. ಆ ಮನೆತನಕ್ಕೆ ಒಂದು ವಂಶಾವಳಿಯೇ ಇದೆ. ಆದರೆ ಇವತ್ತು ಇದೇ ಊರಿನ ಹೆಣ್ಣುಮಗಳು ಜೀವನಾಂಶ ಕೇಳಿ ಕೋರ್ಟಿಗೆ ಹೋದರೆ ಬೇಕಾಗೋದು ವಂಶ ಅಲ್ಲ, ಲೆಕ್ಕ.

1872ರ ಸಾಕ್ಷ್ಯ ಕಾಯ್ದೆ ಬಿಗಿಯಾಗಿತ್ತು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 14ನೇ ಸೆಕ್ಷನ್ ಅದನ್ನು ಸಡಿಲಿಸಿತು: ವಿವಾದ ಬಗೆಹರಿಸೋಕೆ ನೆರವಾಗುವ ಯಾವ ದಾಖಲೆಯನ್ನಾದರೂ ಜಡ್ಜ್ ನೋಡಬಹುದು. ಸರಿ, ಆದರೆ ಗಂಡನ ಆದಾಯದ ದಾಖಲೆ ಹೆಂಡತಿ ಕೈಗೆ ಸಿಗಬೇಕಲ್ಲ? ‘ಮಳೆ ಇಲ್ಲ, ಬೆಳೆ ಇಲ್ಲ’ ಅಂದುಬಿಟ್ರೆ ಮುಗೀತು.

2020ರ ನವೆಂಬರ್ 4ರಂದು ರಜನೇಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು. ನನಗೆ ತುಂಬಾ ಹಿಡಿಸಿದ್ದು, ರೈತರಿಗೆ ಅದರಲ್ಲಿ ಬೇರೆಯೇ ನಮೂನೆ ಇದೆ. ಜಮೀನೆಷ್ಟು, ತರಿಯೋ ಖುಷ್ಕಿಯೋ, ಏನು ಬೆಳೆ, ಮೂರು ವರ್ಷದ ಆದಾಯ, ಕೊನೆಗೆ ಹಸು, ಎಮ್ಮೆ, ಕೋಳಿವರೆಗೂ ಬರೆಯಬೇಕು. ಸುಳ್ಳು ಬರೆದರೆ ಕ್ರಿಮಿನಲ್ ಕ್ರಮವೂ ಆಗಬಹುದು. ಪಹಣಿ ಮೊದಲೇ ತೆಗೆಸಿಟ್ಟುಕೊಳ್ಳಿ.

ಇನ್ನು ಫೋನ್. ಗಂಡ–ಹೆಂಡತಿ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವಿಚ್ಛೇದನದ ಕೇಸಲ್ಲಿ ಸಾಕ್ಷ್ಯವಾಗಬಹುದು ಅಂತ 2025ರ ಜುಲೈ 14ರಂದು ಅದೇ ಕೋರ್ಟ್ ಹೇಳಿದೆ. ಆದರೆ ಎಡಿಟ್ ಮಾಡಬೇಡಿ. ವಕೀಲರನ್ನು ಕೇಳದೆ ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ.