ರೋಣಗಲ್ಲು ಎಳೆದವರು

ರಾಗಿ ಒಕ್ಕಣೆ ಮುಗಿದು ಕಣದ ರೋಣಗಲ್ಲಿಗೆ ಕೆಲಸ ಇಲ್ಲದಂತಾದ ಮೇಲೆ ನಮ್ಮೂರಲ್ಲಿ ಕ್ರಿಕೆಟ್ ಶುರುವಾಗುತ್ತದೆ. ಅಷ್ಟೊತ್ತಿಗೆ ಕೆರೆಯಂಗಳ ಒಣಗಿರುತ್ತದೆ. ಜಾಲಿ ಮುಳ್ಳು ಕಿತ್ತು, ಗುಂಡಿ ಮುಚ್ಚಿ, ಮಣ್ಣು ಹರವಿ, ನೀರು ಚಿಮುಕಿಸಿ, ಅದೇ ರೋಣಗಲ್ಲಿಗೆ ಹಗ್ಗ ಬಿಗಿದು ಎಳೆದೂ ಎಳೆದೂ ಪಿಚ್ಚು ಮಾಡುವವರು ನಮ್ಮ ಕೇರಿಯ ಹುಡುಗರು. ಮೂರು ದಿನದ ಕೆಲಸ. ಕೂಲಿ ಇಲ್ಲ. ಆಟಕ್ಕೆ ಸೇರಿಸ್ಕೋತಾರಲ್ಲ, ಅದೇ ಕೂಲಿ.

ಈ ಸಲದ ಮೊದಲ ಆಟ ಪಕ್ಕದೂರಿನವರ ಮೇಲೆ. ಹನ್ನೊಂದು ಜನರಲ್ಲಿ ಕೇರಿಯವರು ನಾಲ್ವರು. ಎಡಗೈಯಲ್ಲಿ ಚೆಂಡು ತಿರುಗಿಸುವ ನಮ್ಮ ಹುಡುಗನೊಬ್ಬ ಐದು ವಿಕೆಟ್ ಕಿತ್ತ. ಐದನೆಯದು ಬಿದ್ದಾಗ ಊರೊಳಗಿನ ಹುಡುಗರೇ ಓಡಿ ಬಂದು ಅವನನ್ನು ಎತ್ತಿ ಕುಣಿಸಿದರು. ಅರ್ಧ ಗಂಟೆ ಕಳೆದಿರಲಿಲ್ಲ, ನೀರಿನ ಹೊತ್ತು ಬಂತು. ಹೊಂಗೆ ಮರದ ಕೆಳಗೆ ಬಿಂದಿಗೆ, ಲೋಟ. ಎತ್ತಿ ಕುಣಿಸಿದವನೇ ಲೋಟದಲ್ಲಿ ನೀರು ಮೊಗೆದು "ಬೊಗಸೆ ಒಡ್ಡಲಾ" ಅಂದ. ಹುಡುಗ ಒಡ್ಡಿದ. ಕುಡಿದ. ನಾವು ಬದುವಿನ ಮೇಲೆ ಕೂತು ಸ್ಕೋರು ಬರೀತಿದ್ದೆವು. ಕೇರಿಯಲ್ಲಿ ಮೊದಲು ಡಿಗ್ರಿ ಮುಗಿಸಿದವರು ಅಂತ ನಮಗೆ ಕೊಟ್ಟ ಮರ್ಯಾದೆ ಅದು. ಪೆನ್ನು ನಿಂತುಹೋಯಿತು. ಮೈ ಮುಟ್ಟಬಹುದು, ಲೋಟ ಮುಟ್ಟಿಸಬಾರದು. ಇದು ಯಾವ ಆಟದ ರೂಲು?

ಹೊಸ ರೂಲೇನಲ್ಲ ಗೆಳೆಯರೆ. ನೂರು ವರ್ಷಕ್ಕೂ ಹಳೆಯದು.

1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ಚಮ್ಮಾರರ ಮಗ ಪಾಲ್ವಂಕರ್ ಬಾಲೂ. ಅಪ್ಪ ಸೈನ್ಯದಲ್ಲಿ ಕೆಲಸಕ್ಕಿದ್ದವನು. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ಚು ಗುಡಿಸಿ ರೋಲರ್ ಎಳೆಯುವ ಕೆಲಸ ಹುಡುಗನಿಗೆ ಸಿಕ್ಕಿತು; ತಿಂಗಳಿಗೆ 3 ರೂಪಾಯಿ. ಅಲ್ಲಿಂದ ಬಿಳಿಯರ ಕ್ಲಬ್ಬಿಗೆ ಹೋದಾಗ 4 ರೂಪಾಯಿ. ರೋಲರ್ ಎಳಿ, ನೆಟ್ ಕಟ್ಟು, ಗೆರೆ ಬಳಿ, ದೊರೆಗಳ ಅಭ್ಯಾಸಕ್ಕೆ ಚೆಂಡು ಹಾಕು. ಬ್ಯಾಟು ಮಾತ್ರ ಕೇಳಬೇಡ! ಬ್ಯಾಟು ದೊರೆಗಳದ್ದು, ಬೆವರು ಆಳಿನದ್ದು. ಗ್ರೇಗ್ ಎಂಬ ದೊಡ್ಡ ಬ್ಯಾಟುಗಾರ ಬೇರೆಯವರಿಗಿಂತ ಮುಂಚೆ ಬಂದು ಬಾಲೂ ಕೈಲಿ ಚೆಂಡು ಹಾಕಿಸಿಕೊಳ್ಳುತ್ತಿದ್ದನಂತೆ. ತನ್ನನ್ನು ಔಟು ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದ ಅಂತ ಹೇಳುತ್ತಾರೆ. ಆ ಎಂಟಾಣೆ ಲೆಕ್ಕದಲ್ಲೇ ಈ ದೇಶದ ಮೊದಲ ದೊಡ್ಡ ಎಡಗೈ ಸ್ಪಿನ್ನರ್ ತಯಾರಾದ.

ಬಿಳಿಯರನ್ನು ಸೋಲಿಸಬೇಕೆಂಬ ಆಸೆ ಪುಣೆಯ ಹಿಂದೂ ತಂಡಕ್ಕೂ ಇತ್ತು. ಸೋಲಿಸಬಲ್ಲವನು ಅಸ್ಪೃಶ್ಯ. ಏನು ಮಾಡೋದು? ವಾದ, ವಿವಾದ ಎಲ್ಲ ಆಗಿ ಕೊನೆಗೆ ಸೇರಿಸಿಕೊಂಡರು. ಅಂಗಳದೊಳಗೆ ಅವನು ಮುಟ್ಟಿದ ಚೆಂಡನ್ನು ಬ್ರಾಹ್ಮಣರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಬಾಲೂ ಹೊರಗೆ. ಅವನಿಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆ, ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಲು ನೀರು ಹೊಯ್ಯುವುದಕ್ಕೂ ಇನ್ನೊಬ್ಬ ಅಸ್ಪೃಶ್ಯನೇ ಬರಬೇಕು.

ಸತಾರಾದ ಬಿಳಿಯರು ಬಾಲೂ ಚೆಂಡು ತಿರುಗದಿರಲಿ ಅಂತ ವಾರಗಟ್ಟಲೆ ಪಿಚ್ಚಿಗೆ ರೋಲರ್ ಹೊಡೆಸಿದರು. ರೋಲರ್ ಎಳೆದು ಬೆಳೆದವನಿಗೇ ರೋಲರ್ ತೋರಿಸಲು ಹೊರಟರಲ್ಲ! ಏಳು ವಿಕೆಟ್ ಹೋಯಿತು. ಇದಾದ ಮೇಲೆಯೇ ನ್ಯಾಯಮೂರ್ತಿ ರಾನಡೆಯಂಥವರು ಬಹಿರಂಗವಾಗಿ ಕೇಳಿದ್ದು: ಜೊತೆಗೆ ಆಡುವವರು ಜೊತೆಗೆ ಉಣ್ಣಬಾರದೇಕೆ ಅಂತ. ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಏಳು ವಿಕೆಟ್ ಬೀಳುವ ತನಕ ಈ ಪ್ರಶ್ನೆ ಯಾಕೆ ಹುಟ್ಟಲಿಲ್ಲ? ವಿಕೆಟ್ ಕೀಳದ ಚಮ್ಮಾರನಿಗೆ ಕಪ್ಪು ಬೇಡವೆ?

ಆಮೇಲೆ ಬಾಲೂ ಮುಂಬಯಿಗೆ ಹೋದ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಗೆಲುವಿನಲ್ಲಿ ಬಾಲೂ ಕೈ ದೊಡ್ಡದು. 1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ಮಹಾರಾಜ ಆಡಿದ್ದು ಕೆಲವೇ ಪಂದ್ಯ. ದುಡಿದದ್ದು ಯಾರು? ಮೂವತ್ತೈದರ ಬಾಲೂ, ಎಲ್ಲ ಪಂದ್ಯ ಸೇರಿ 114 ವಿಕೆಟ್. ತಂಡ ಸೋತು ಬಂತು, ಬಾಲೂ ಗೆದ್ದು ಬಂದ. ಮುಂಬಯಿಯಲ್ಲಿ ದಲಿತರು ಅವನಿಗೆ ಸನ್ಮಾನ ಮಾಡಿದಾಗ ಮಾನಪತ್ರ ಬರೆದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್.

ಕ್ಯಾಪ್ಟನ್ ಪಟ್ಟ? ಅದು ಮಾತ್ರ ಬರಲಿಲ್ಲ. ಬಾಲೂವಿಗಿಂತ ಕಿರಿಯರು, ಕಡಿಮೆ ಆಡಿದವರು ಕ್ಯಾಪ್ಟನ್ ಆದರು. 1920ರಲ್ಲಿ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಈ ಅನ್ಯಾಯಕ್ಕೆ ಆಡೋದಿಲ್ಲ ಅಂತ ತಂಡದಿಂದ ಹೊರಗೆ ಬಂದರು. ಬಂದು ಪತ್ರಿಕೆಗಳಿಗೂ ಹೇಳಿಕೆ ಕೊಟ್ಟರು. ಗದ್ದಲವಾಗಿ ಅವರನ್ನು ವಾಪಸ್ಸು ಕರೆಸಿ ಬಾಲೂವನ್ನು ಉಪನಾಯಕ ಮಾಡಿದರು. 1923ರಲ್ಲಿ ವಿಠ್ಠಲ ಕ್ಯಾಪ್ಟನ್ ಆದ. ಆ ವರ್ಷ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದರು. ಅಣ್ಣನ 114 ವಿಕೆಟ್ ಮಾಡದ ಕೆಲಸವನ್ನು ತಮ್ಮಂದಿರ "ಆಡೋದಿಲ್ಲ" ಮಾಡಿತು ಅಂತ ನಮಗನ್ನಿಸುತ್ತದೆ.

ಇಷ್ಟಕ್ಕೇ ಮುಗಿಸಿದರೆ ನಾವು ಬರೆದದ್ದು ಪುರಾಣ ಆಗುತ್ತದೆ, ಚರಿತ್ರೆ ಅಲ್ಲ. 1937ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರ ಎದುರಿಗೆ ಕಾಂಗ್ರೆಸ್ಸು ನಿಲ್ಲಿಸಿದ್ದು ಇದೇ ಬಾಲೂವನ್ನು. ಬಾಬಾಸಾಹೇಬರಿಗೆ 13,245 ಓಟು, ಬಾಲೂವಿಗೆ 11,225. ಮಾನಪತ್ರ ಬರೆದ ಕೈಯ ಎದುರು ಮಾನಪತ್ರ ಪಡೆದ ಕೈ! ಇದಕ್ಕಾಗಿ ಬಾಲೂ ಹೆಸರೇ ಎತ್ತಬಾರದು ಅನ್ನುವ ಗೆಳೆಯರಿದ್ದಾರೆ. ನಾವು ಒಪ್ಪುವುದಿಲ್ಲ. ಬಾಲೂ ಮಾಡಿದ್ದು ತಪ್ಪು ಅಂತಲೇ ನಾವೂ ಹೇಳುತ್ತೇವೆ. ಆದರೆ ಅಂಗಳದಲ್ಲಿ ಅವನಿಗೆ ಮುಂದಾಳ್ತನ ಕೊಡದ ಮೇಲುಜಾತಿಯ ಸಮಾಜಕ್ಕೆ ಬಾಬಾಸಾಹೇಬರ ಎದುರು ನಿಲ್ಲಿಸಲು ಮಾತ್ರ ಅವನು ಹೇಗೆ ಮುಂದಾಳಾಗಿ ಕಂಡ, ಅದನ್ನೂ ಕೇಳಬೇಕಲ್ಲವೆ? 1955ರ ಜುಲೈಯಲ್ಲಿ ಬಾಲೂ ತೀರಿಕೊಂಡ.

ಇದನ್ನೆಲ್ಲ ಒಂದು ರಾತ್ರಿ ಕೇರಿಯ ಜಗಲಿ ಮೇಲೆ ಹುಡುಗರಿಗೆ ಹೇಳಿದೆವು. ಐದು ವಿಕೆಟ್ ಕಿತ್ತವನು ಬಾಲೂ ಚೆಂಡು ಹೇಗೆ ಹಿಡೀತಿದ್ದ ಅಂತ ಕೇಳಿದ. ನಮಗೆ ಹೇಳಲು ಬರಲಿಲ್ಲ. ಇನ್ನೊಬ್ಬ, ತಮ್ಮಂದಿರು ಎಷ್ಟು ದಿನ ಆಡದೆ ಇದ್ರು ಅಂತ ಕೇಳಿದ. ಅವನ ಅವ್ವ ಒಳಗಿಂದಲೇ, "ಗೌಡ್ರ ಹೊಲಕ್ಕೆ ನಾಳೆ ಹೋಗೋನು ನೀನೇ ಕಣೋ, ನೆಪ್ಪಿರ್ಲಿ" ಅಂದಳು. ಯಾರೂ ಮಾತಾಡಲಿಲ್ಲ.

ಭಾನುವಾರ ಎರಡನೇ ಆಟ. ಇವತ್ತು ಶುಕ್ರವಾರ. ರೋಣಗಲ್ಲು ಇನ್ನೂ ಕಣದಲ್ಲೇ ಇದೆ. ಬೆಳಿಗ್ಗೆಯಿಂದ ಎರಡು ಸಲ ಹೇಳಿ ಕಳಿಸಿದ್ದಾರೆ.